ಉದ್ಯಾನವನದಲ್ಲೊಂದು ಪುಟ್ಟ ಮದುವೆ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿಯ ಬರಹ ರೂಪ)



ಸಂಘಗಳ ಸಭೆಗೆ ಹೋದಾಗಲೆಲ್ಲ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರ್ತಾ ಇದೆ. "ಮದುವೆಗೆ ಛತ್ರವೇ ಬೇಕಾ? ಊರ ಪಾರ್ಕಿನಲ್ಲಿ, ಮರದ ನೆರಳಲ್ಲಿ, ನಮ್ಮವರು ಒಂದಿಷ್ಟು ಜನ ಸೇರಿ ಮಾಡಿದರೆ ಆಗೋದಿಲ್ವಾ?" ಅಂತ. ಕೇಳಿದವರು ತಮಾಷೆಗೆ ಕೇಳಿದ್ದಲ್ಲ. ಮಗಳು ಪಿಯುಸಿ ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ, ಇನ್ನೆರಡು ವರ್ಷದಲ್ಲಿ ಮದುವೆ ಮಾಡಬೇಕು, ಕೈಯಲ್ಲಿ ದುಡ್ಡಿಲ್ಲ, ಸಾಲ ಮಾಡಲು ಮನಸ್ಸಿಲ್ಲ. ಅಂಥ ತಾಯಂದಿರು ಕೇಳಿದ ಪ್ರಶ್ನೆ ಇದು. ಆದ್ದರಿಂದ ಇವತ್ತು ಬೇರೆ ವಿಷಯ ಬದಿಗಿಟ್ಟು ಇದನ್ನೇ ಮಾತಾಡೋಣ.

ನಮ್ಮ ಸಂಘಗಳ ಸಾಲದ ಪುಸ್ತಕ ತೆರೆದರೆ 'ಸಾಲದ ಉದ್ದೇಶ' ಅಂತ ಒಂದು ಕಾಲಂ ಇರುತ್ತದೆ. ಹಸು, ಹೊಲಿಗೆ ಯಂತ್ರ, ಶಾಲೆ ಫೀಸು, ಮನೆ ರಿಪೇರಿ, ಮದುವೆ. ಹಸುವಿನ ಸಾಲವನ್ನು ಹಸು ತೀರಿಸುತ್ತದೆ. ಹೊಲಿಗೆ ಯಂತ್ರದ ಸಾಲವನ್ನು ಯಂತ್ರ ತೀರಿಸುತ್ತದೆ. ಮದುವೆಯ ಸಾಲವನ್ನು ತೀರಿಸುವುದು ಯಾರು? ತಾಯಿಯ ಕೂಲಿ. ಸಂಘದಲ್ಲಿ ಸಿಗುವಷ್ಟು ಸಾಲ ಸಾಲದೆ ಹೊರಗೆ ಕೈಸಾಲಕ್ಕೆ ಹೋದರಂತೂ ಮುಗೀತು. ಎರಡು ಲಕ್ಷಕ್ಕೆ ನೂರಕ್ಕೆ ಐದರ ತಿಂಗಳ ಬಡ್ಡಿ ಅಂದರೆ ತಿಂಗಳಿಗೆ 10,000 ರೂಪಾಯಿ. ಎರಡು ವರ್ಷಕ್ಕೆ 2,40,000 ಬಡ್ಡಿ ಕಟ್ಟಿರುತ್ತೀರಿ, ಅಸಲು ಹಾಗೇ ಕೂತಿರುತ್ತದೆ. ಕಿರುಸಾಲದವರ ವಸೂಲಿ ಕಿರುಕುಳ ತಡೆಯಲು ನಮ್ಮ ರಾಜ್ಯದಲ್ಲಿ 2025ರಲ್ಲಿ ಕಾಯ್ದೆ ಬಂತು, ಒಳ್ಳೆಯದೇ ಆಯಿತು. ಆದರೆ ಆ ಸಾಲದ ಬಾಗಿಲಿಗೆ ಹೋಗದೇ ಇರುವ ದಾರಿ ಇದ್ದರೆ ಅದು ಇನ್ನೂ ಒಳ್ಳೆಯದಲ್ಲವೇ?

ಬಯಲಿನಲ್ಲಿ ಮದುವೆ ಅಂದರೆ ಸಿನಿಮಾದವರ ಶೋಕಿ ಅಂತ ಕೆಲವರು ಮೂಗು ಮುರಿಯುತ್ತಾರೆ. ಹಾಗೇನಿಲ್ಲ. ನಮ್ಮ ಅಜ್ಜಿಯರ ಮದುವೆ ಯಾವ ಛತ್ರದಲ್ಲಿ ಆಗಿತ್ತು ಹೇಳಿ? ಮನೆ ಮುಂದಿನ ಅಂಗಳದಲ್ಲಿ ಅಡಿಕೆ ಕಂಬ ನಿಲ್ಲಿಸಿ, ತೆಂಗಿನ ಗರಿ ಹೊದಿಸಿ, ಮಾವಿನ ಸೊಪ್ಪು ಕಟ್ಟಿ ಚಪ್ಪರ ಹಾಕುತ್ತಿದ್ದರು. ಕರಾವಳಿಯ ಕ್ರೈಸ್ತ ಮನೆಗಳಲ್ಲಿ ರೋಸ್ ಶಾಸ್ತ್ರ ನಡೆಯುತ್ತಿದ್ದುದೂ ಅಂಗಳದ ಮಾಟವದ ಕೆಳಗೇ. ಕಲ್ಯಾಣ ಮಂಟಪ ಬಂದದ್ದು ಆಮೇಲೆ. ಕುವೆಂಪು ಅವರು ವರದಕ್ಷಿಣೆ, ಆಡಂಬರ ಯಾವುದೂ ಇಲ್ಲದ ಮಂತ್ರಮಾಂಗಲ್ಯದ ಕ್ರಮ ರೂಪಿಸಿ, 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಹಾಗೇ ಮಾಡಿದರು. ಅವರಿಗೆ ದುಡ್ಡಿಲ್ಲದೆ ಹಾಗೆ ಮಾಡಿದ್ದಲ್ಲ ಅನ್ನುವುದನ್ನು ನೆನಪಿಡಿ. ಇಂದಿಗೂ ಎಷ್ಟೋ ಜನ ಆ ಕ್ರಮದಲ್ಲಿ ಮದುವೆ ಆಗುತ್ತಿದ್ದಾರೆ.

ಮೊದಲು ಪಟ್ಟಿ, ಆಮೇಲೆ ಜಾಗ

ಹೆಚ್ಚಿನವರು ಎಡವುವುದು ಇಲ್ಲೇ. ಪಾರ್ಕ್ ನೋಡಿ ಬರುತ್ತಾರೆ, ಚೆಂದ ಇದೆ ಅಂತ ಖುಷಿ ಪಡುತ್ತಾರೆ, ಆಮೇಲೆ ಯಾರನ್ನು ಕರೆಯೋದು ಅಂತ ಕೂರುತ್ತಾರೆ. ಪಟ್ಟಿ ಇನ್ನೂರು ದಾಟುತ್ತದೆ. ಇನ್ನೂರು ಜನರಿಗೆ ಬಯಲಿನಲ್ಲಿ ಶಾಮಿಯಾನ, ಕುರ್ಚಿ, ಜನರೇಟರ್, ನೀರಿನ ಟ್ಯಾಂಕರ್, ಶೌಚಾಲಯ ಎಲ್ಲ ಬಾಡಿಗೆಗೆ ತಂದರೆ ಛತ್ರಕ್ಕಿಂತ ಹೆಚ್ಚೇ ಖರ್ಚಾಗುತ್ತದೆ. ಉಳಿತಾಯ ಬರುವುದು ಪಾರ್ಕಿನಿಂದ ಅಲ್ಲ, ಪಟ್ಟಿಯಿಂದ. ಒಂದು ಊಟಕ್ಕೆ 200 ರೂಪಾಯಿ ಅಂತ ಇಟ್ಟುಕೊಳ್ಳಿ. 600 ಜನರಿಗೆ 1,20,000. ಅರವತ್ತು ಜನರಿಗೆ 12,000. ಇಷ್ಟೇ ಲೆಕ್ಕ.

ಅರವತ್ತು ಜನರ ಮದುವೆ ಮದುವೆಯಾ ಅಂತ ಕೇಳಿದರೆ, 2020ನೇ ಇಸವಿ ನೆನಪು ಮಾಡಿಕೊಳ್ಳಿ. ಕೊರೋನಾ ಕಾಲದಲ್ಲಿ ಮದುವೆಗೆ 50 ಜನ ಮೀರಬಾರದು ಅಂತ ಸರ್ಕಾರ ಆದೇಶ ಮಾಡಿತು. ಆಗ ಮದುವೆಯಾದವರು ಚೆನ್ನಾಗೇ ಸಂಸಾರ ಮಾಡ್ತಾ ಇದ್ದಾರೆ. ಐವತ್ತೇ ಜನ ಬಂದಿದ್ದರು ಅಂತ ಯಾರೂ ಆ ಹೆಣ್ಣುಮಕ್ಕಳನ್ನು ಇಂದು ಹಂಗಿಸುವುದಿಲ್ಲ. ಕಾಯಿಲೆಯ ಭಯದಿಂದ ಮಾಡಲು ಸಾಧ್ಯವಾದದ್ದನ್ನು ಸಾಲದ ಭಯದಿಂದ ಯಾಕೆ ಮಾಡಬಾರದು?

ಪಟ್ಟಿ ಮಾಡಲು ಹುಡುಗ ಹುಡುಗಿ ಮತ್ತು ಎರಡೂ ಕಡೆಯ ತಾಯಂದಿರು ಒಟ್ಟಿಗೆ ಕೂರಬೇಕು. ಗಂಡಸರು ಕೂತರೆ ಪಟ್ಟಿ ಬೆಳೆಯುತ್ತದೆ ಅನ್ನುವುದು ನಮ್ಮ ಅನುಭವ, ನಗಬೇಡಿ. ಎರಡೂ ಕಡೆಗೆ ಸಮ ಸಮ, ಮೂವತ್ತು ಮೂವತ್ತು. ಗಂಡಿನ ಕಡೆಯವರು ನಲವತ್ತು, ಹೆಣ್ಣಿನ ಕಡೆಯವರು ಇಪ್ಪತ್ತು ಅನ್ನುವ ಮಾತು ಶುರುವಾದರೆ ಅಲ್ಲೇ ನಿಲ್ಲಿಸಿ. ಯಾರು ಬರದಿದ್ದರೆ ಹುಡುಗಿಗೆ ನಿಜವಾಗಿ ನೋವಾಗುತ್ತದೋ ಅವರ ಹೆಸರು ಮೊದಲು ಬರೆಯಿರಿ. ಸೋದರಮಾವ, ಅಜ್ಜಿ, ಜೊತೆಯಲ್ಲಿ ಓದಿದ ಇಬ್ಬರು ಗೆಳತಿಯರು. ಚಿಕ್ಕ ಮಕ್ಕಳು, ಮದುವೆ ಮಾಡಿಸುವವರು, ಫೋಟೋದವರು, ವ್ಯಾನಿನ ಡ್ರೈವರ್, ಇವರೆಲ್ಲ ಲೆಕ್ಕಕ್ಕೆ ಸೇರಬೇಕು. ಊಟದ ಹೊತ್ತಿಗೆ ಇವರೇ ಹತ್ತು ಹನ್ನೆರಡು ಜನ ಆಗಿರುತ್ತಾರೆ.

ಕಷ್ಟ ಬರುವುದು ಮುಯ್ಯಿಯ ವಿಷಯದಲ್ಲಿ. ನೀವು ಹತ್ತು ವರ್ಷದಿಂದ ಊರವರ ಮದುವೆಗೆಲ್ಲ ಹೋಗಿ ಮುಯ್ಯಿ ಮಾಡಿದ್ದೀರಿ, ಅದು ಪುಸ್ತಕದಲ್ಲಿ ಬರೆದಿದೆ. ಈಗ ನಿಮ್ಮ ಸರದಿ ಬಂದಾಗ ಕರೆಯದಿದ್ದರೆ "ನಮ್ಮ ಮುಯ್ಯಿ ಬೇಡ್ವಾ ನಿಮಗೆ?" ಅಂತ ಕೇಳುತ್ತಾರೆ. ನೀವು ಹಾಕಿದ ದುಡ್ಡು ಬರುವುದಿಲ್ಲವಲ್ಲ ಅನ್ನುವ ಸಂಕಟವೂ ನಿಮಗಿರುತ್ತದೆ. ಈ ಸಂಕಟ ಸುಳ್ಳಲ್ಲ. ಮುಯ್ಯಿ ನಮ್ಮ ಹಿರಿಯರು ಮಾಡಿಕೊಂಡ ಒಂದು ಬಗೆಯ ಚೀಟಿಯೇ. ಆದರೆ ಲೆಕ್ಕ ಹಾಕಿ ನೋಡಿ. ಒಬ್ಬರು 200 ರೂಪಾಯಿ ಮುಯ್ಯಿ ಮಾಡಿ ಮನೆಯ ನಾಲ್ಕು ಜನ ಉಂಡು ಹೋದರೆ, ಊಟಕ್ಕೇ 800 ಆಯಿತು. ಬರುವ ಮುಯ್ಯಿ ಊಟದ ಖರ್ಚನ್ನೂ ಮುಟ್ಟುವುದಿಲ್ಲ.

ಹಾಗಾದರೆ ಕರೆಯದವರ ಮುಖ ನೋಡುವುದು ಹೇಗೆ? ಮದುವೆಗೆ ಮೊದಲೇ ಹೋಗಿ ಹೇಳಬೇಕು. ಆಮೇಲೆ ಗೊತ್ತಾದರೆ ಸಿಟ್ಟು ಬರುತ್ತದೆ, ಮೊದಲೇ ಹೇಳಿದರೆ ಮುನಿಸು ಅರ್ಧ ಕಡಿಮೆ. "ಅಕ್ಕಾ, ಸಾಲ ಮಾಡಬಾರದು ಅಂತ ತೀರ್ಮಾನ ಮಾಡಿದ್ದೇವೆ. ಬರೀ ಮನೆಯವರು ಸೇರಿ ಮಾಡ್ತೇವೆ. ಮದುವೆ ಆದ ವಾರದಲ್ಲಿ ಮಕ್ಕಳನ್ನು ಕರ್ಕೊಂಡು ನಿಮ್ಮ ಮನೆಗೇ ಬರ್ತೇವೆ, ಆಶೀರ್ವಾದ ಮಾಡಿ" ಅಂದರೆ ಯಾರು ಬೇಡ ಅಂತಾರೆ? ಹೇಳಿದ ಮೇಲೆ ಖಂಡಿತ ಹೋಗಬೇಕು, ಒಂದು ಪೊಟ್ಟಣ ಸಿಹಿ ಹಿಡಿದುಕೊಂಡು. ಕಾರ್ಡು ಅಚ್ಚು ಹಾಕಿಸಬೇಡಿ. ಕಾರ್ಡು ಕೈಗೆ ಬಂದರೆ ಹಂಚುವ ಕೈ ನಿಲ್ಲುವುದಿಲ್ಲ. ಇನ್ನೊಂದು ಮಾತು. ಪಾರ್ಕಿನಲ್ಲಿ ಅರವತ್ತು ಜನರ ಮದುವೆ ಮಾಡಿ, ಮುಂದಿನ ಭಾನುವಾರ ಐನೂರು ಜನರಿಗೆ ಬೀಗರ ಊಟ ಹಾಕಿಸಿದರೆ ನಾವು ಇಷ್ಟು ಹೊತ್ತು ಮಾತಾಡಿದ್ದು ವ್ಯರ್ಥ.

ಪಾರ್ಕ್ ಯಾರದು?

ಎಲ್ಲರದು. ಅದಕ್ಕೇ ಅನುಮತಿ ಬೇಕು. ಬೆಳಿಗ್ಗೆ ನಡೆಯಲು ಬರುವ ವೃದ್ಧರು, ಆಡಲು ಬರುವ ಮಕ್ಕಳು, ಮಧ್ಯಾಹ್ನ ಬುತ್ತಿ ಬಿಚ್ಚುವ ಕೂಲಿಯವರು, ಇವರಿಗೆಲ್ಲ ಅದರ ಮೇಲೆ ನಮ್ಮಷ್ಟೇ ಹಕ್ಕಿದೆ. ಊರಿನ ಉದ್ಯಾನವಾದರೆ ಸಾಮಾನ್ಯವಾಗಿ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯದು. ಬಡಾವಣೆಯ ಪಾರ್ಕು ನಗರಾಭಿವೃದ್ಧಿ ಪ್ರಾಧಿಕಾರದ್ದೂ ಇರಬಹುದು. ಲಾಲ್‌ಬಾಗ್, ಕಬ್ಬನ್ ಪಾರ್ಕ್, ಕೆಮ್ಮಣ್ಣುಗುಂಡಿ, ಮಡಿಕೇರಿಯ ರಾಜಾಸೀಟ್ ಇಂಥವು ತೋಟಗಾರಿಕೆ ಇಲಾಖೆಯವು. ಎಷ್ಟೋ ತಾಲ್ಲೂಕುಗಳಲ್ಲಿ ಪೇಟೆಯ ಹೊರಗೆ ಸಾಲುಮರದ ತಿಮ್ಮಕ್ಕನವರ ಹೆಸರಿನ ವೃಕ್ಷೋದ್ಯಾನ ಇದೆಯಲ್ಲ, ಟ್ರೀ ಪಾರ್ಕ್ ಅಂತೇವೆ, ಅದು ಅರಣ್ಯ ಇಲಾಖೆಯದು. ಅಣೆಕಟ್ಟಿನ ಹತ್ತಿರದ ತೋಟವಾದರೆ ನೀರಾವರಿಯವರನ್ನು ಕೇಳಬೇಕಾಗಬಹುದು. ಮೊದಲ ಕೆಲಸ, ಗೇಟಿನ ಬಳಿ ಇರುವ ಬೋರ್ಡು ಓದಿ ಯಾವ ಇಲಾಖೆ ಅಂತ ಬರೆದುಕೊಳ್ಳುವುದು.

ಕಾವಲುಗಾರ "ಬನ್ನಿ ಅಕ್ಕ, ಏನೂ ತೊಂದ್ರೆ ಇಲ್ಲ" ಅಂದದ್ದು ಅನುಮತಿ ಅಲ್ಲ. ಮುಹೂರ್ತದ ಹೊತ್ತಿಗೆ ಮೇಲಿನವರು ಬಂದು ಏಳಿ ಅಂದರೆ ಆ ಕಾವಲುಗಾರನ ಕೆಲಸಕ್ಕೂ ಕುತ್ತು, ನಿಮ್ಮ ಮರ್ಯಾದೆಗೂ ಕುತ್ತು. ಬರಹದಲ್ಲಿ ಅರ್ಜಿ ಕೊಡಿ. ದಿನಾಂಕ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಎಷ್ಟು ಜನ, ಯಾವ ಮೂಲೆ, ಮೈಕ್ ಇಲ್ಲ, ಅಡುಗೆ ಮಾಡುವುದಿಲ್ಲ, ಗುಂಡಿ ತೋಡುವುದಿಲ್ಲ, ಮರಕ್ಕೆ ಮೊಳೆ ಹೊಡೆಯುವುದಿಲ್ಲ, ಕಸ ನಾವೇ ಒಯ್ಯುತ್ತೇವೆ ಅಂತೆಲ್ಲ ಅದರಲ್ಲೇ ಬರೆಯಿರಿ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಶುಲ್ಕ, ಠೇವಣಿ ಕೇಳಿದರೆ ರಸೀದಿ ಇಲ್ಲದೆ ಒಂದು ರೂಪಾಯಿಯೂ ಕೊಡಬೇಡಿ. ಬಂದವರೆಲ್ಲ ಪ್ರವೇಶ ಟಿಕೆಟ್ ತೆಗೆದುಕೊಳ್ಳಬೇಕೇ ಅಂತಲೂ ಆಗಲೇ ಕೇಳಿಕೊಳ್ಳಿ.

ಆಗುವುದಿಲ್ಲ ಅನ್ನುವ ಉತ್ತರ ಬರಬಹುದು. ಆಗ ಯಾರದೋ ವಶೀಲಿ ಹಿಡಿದು ಒತ್ತಡ ಹಾಕುವುದು ನಮಗೆ ಸರಿ ಕಾಣುವುದಿಲ್ಲ. ಸರ್ಕಾರಿ ಉದ್ಯಾನಗಳನ್ನು ಕಾಪಾಡಲೆಂದೇ ನಮ್ಮ ರಾಜ್ಯದಲ್ಲಿ 1975ರ ಕಾಯ್ದೆಯಿದೆ, ಪಟ್ಟಣಗಳ ಪಾರ್ಕು, ಆಟದ ಬಯಲು ಉಳಿಸಲು 1985ರ ಕಾಯ್ದೆಯಿದೆ. ಅವು ಇಲ್ಲದಿದ್ದರೆ ಆ ಜಾಗಗಳಲ್ಲಿ ಯಾವಾಗಲೋ ಅಂಗಡಿ ಎದ್ದಿರುತ್ತಿತ್ತು. ಬೇರೆ ದಾರಿ ಇವೆ. ಸರಳವಾದದ್ದು ಏನಂದರೆ, ತಾಳಿ ಅಥವಾ ಉಂಗುರದ ಶಾಸ್ತ್ರ ಮನೆಯಲ್ಲೋ, ದೇವಸ್ಥಾನದಲ್ಲೋ, ಚರ್ಚಿನಲ್ಲೋ ಮುಗಿಸಿ, ಆಮೇಲೆ ಎಲ್ಲರ ಹಾಗೆ ಟಿಕೆಟ್ ತೆಗೆದುಕೊಂಡು ಪಾರ್ಕಿಗೆ ಹೋಗಿ ಫೋಟೋ ತೆಗೆಸಿಕೊಂಡು ಬರುವುದು. ಕ್ಯಾಮೆರಾಕ್ಕೂ ಅನುಮತಿ ಬೇಕಾದ ಕಡೆ ಇದೆ, ವಿಚಾರಿಸಿ. ಇಲ್ಲವೇ ಪರಿಚಯದವರ ಅಡಿಕೆ ತೋಟ, ಮಾವಿನ ತೋಪು, ಸಮುದಾಯ ಭವನದ ಹಿಂದಿನ ಬಯಲು. ಮರ ಎಲ್ಲಿದ್ದರೂ ನೆರಳು ಒಂದೇ.

ಶಾಸ್ತ್ರ ಮತ್ತು ಕಾನೂನು

ಮರದ ಕೆಳಗೆ ಹಾರ ಬದಲಾಯಿಸಿದ ಮಾತ್ರಕ್ಕೆ ಕಾನೂನಿನಲ್ಲಿ ಮದುವೆ ಆಗುವುದಿಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇವೆ, ಯಾಕೆಂದರೆ ನಾಳೆ ಗಂಡ ಬಿಟ್ಟು ಹೋದರೆ, ತೀರಿಕೊಂಡರೆ, ಪಿಂಚಣಿಗೋ ಆಸ್ತಿಗೋ ಮಕ್ಕಳ ಹೆಸರಿಗೋ ಹೋರಾಡಬೇಕಾದವಳು ನಮ್ಮ ಮಗಳೇ.

ಹಿಂದೂ ವಿವಾಹವಾದರೆ 1955ರ ಕಾಯ್ದೆಯಂತೆ ಒಂದು ಕಡೆಯವರ ಸಂಪ್ರದಾಯದ ಶಾಸ್ತ್ರ ನಡೆಯಲೇಬೇಕು. ಶಾಸ್ತ್ರವೇ ನಡೆಯದೆ ಬರೀ ನೋಂದಣಿ ಪತ್ರ ಇದ್ದರೆ ಅದು ಹಿಂದೂ ಮದುವೆ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಆದ್ದರಿಂದ ಶಾಸ್ತ್ರವೂ ಬೇಕು, ಅದರ ಫೋಟೋವೂ ಬೇಕು, ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿಯೂ ಬೇಕು. ಈಗ ಕಾವೇರಿ 2.0 ಜಾಲತಾಣದಲ್ಲಿಯೂ ನೋಂದಣಿಗೆ ಅರ್ಜಿ ಹಾಕಬಹುದು. ಯಾವ ಧರ್ಮದವರಾದರೂ ಮದುವೆ ನೋಂದಣಿ ಆಗಬೇಕು ಅಂತ 2006ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಸಪ್ತಪದಿಗೆ ಅಗ್ನಿ ಬೇಕು ಅನ್ನುವವರು ಪಾರ್ಕಿನವರ ಹತ್ತಿರ ಅದನ್ನು ಬೇರೆಯಾಗಿ ಕೇಳಿ. ನೆಲದ ಮೇಲೆ ಬೆಂಕಿ ಹಾಕಬಾರದು. ಇಟ್ಟಿಗೆ ಹಾಸಿ, ಮೇಲೆ ತಗಡಿನ ಹೋಮಕುಂಡ ಇಟ್ಟು, ಪಕ್ಕದಲ್ಲಿ ಎರಡು ಬಕೆಟ್ ನೀರು ಇಟ್ಟುಕೊಳ್ಳಬೇಕು. ಅದಕ್ಕೂ ಒಪ್ಪದಿದ್ದರೆ ಹೋಮ ಮನೆಯಲ್ಲಿ.

ಶಾಸ್ತ್ರ ಬೇಡ, ಅಥವಾ ಹುಡುಗ ಹುಡುಗಿ ಬೇರೆ ಬೇರೆ ಧರ್ಮದವರು ಅನ್ನುವಾಗ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಹೋಮ, ಸಪ್ತಪದಿ ಇಲ್ಲದೆ ಸರಳವಾಗಿ ಆಗುವವರಿಗೂ ಈ ದಾರಿಯೇ ಭದ್ರ ಅಂತ ನಮ್ಮ ಅಭಿಪ್ರಾಯ. ಇಬ್ಬರಲ್ಲಿ ಒಬ್ಬರಾದರೂ 30 ದಿನದಿಂದ ವಾಸವಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸು ಕೊಡಬೇಕು. ಅದಾಗಿ 30 ದಿನ ಕಾಯಬೇಕು. ಆಮೇಲೆ ಮೂವರು ಸಾಕ್ಷಿಗಳ ಮುಂದೆ ಮದುವೆ. ನೋಟಿಸು ಕೊಟ್ಟು ಮೂರು ತಿಂಗಳು ದಾಟಿದರೆ ಮತ್ತೆ ಹೊಸದಾಗಿ ಕೊಡಬೇಕಾಗುತ್ತದೆ. ಒಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಈ ಮದುವೆ ಕಚೇರಿಯಲ್ಲೇ ಆಗಬೇಕು ಅಂತಿಲ್ಲ. ಹೆಚ್ಚುವರಿ ಶುಲ್ಕ ಕಟ್ಟಿದರೆ ಹತ್ತಿರದ ಬೇರೆ ಜಾಗದಲ್ಲಿ ಅಧಿಕಾರಿಯ ಎದುರಿನಲ್ಲೇ ಆಗಲು ಕಾಯ್ದೆಯ 12ನೇ ಕಲಮಿನಲ್ಲಿ ಅವಕಾಶವಿದೆ. ಅಧಿಕಾರಿ ಬಿಡುವಾಗಿದ್ದಾರೆಯೇ ಅಂತ ಮೊದಲೇ ಕೇಳಿಕೊಳ್ಳಬೇಕು ಅಷ್ಟೆ.

ನಮ್ಮ ಸಂಘಗಳಲ್ಲಿರುವ ಕಥೋಲಿಕ ಸಹೋದರಿಯರಿಗೆ: ನಮ್ಮಲ್ಲಿ ವಿವಾಹ ಒಂದು ಸಂಸ್ಕಾರ, ಅದರ ಜಾಗ ಧರ್ಮಕೇಂದ್ರದ ದೇವಾಲಯ. ಬೇರೆ ಸೂಕ್ತ ಸ್ಥಳಕ್ಕೆ ಧರ್ಮಾಧ್ಯಕ್ಷರ ಅನುಮತಿ ಬೇಕು, ಪಾರ್ಕು ಚೆಂದ ಇದೆ ಅನ್ನುವುದು ಅದಕ್ಕೆ ಸಾಕಾಗುವ ಕಾರಣ ಅಲ್ಲ. ಆದ್ದರಿಂದ ಬೆಳಗಿನ ಪೂಜೆಯಲ್ಲಿ ವಿವಾಹ, ಆಮೇಲೆ ಬಯಲಲ್ಲಿ ಊಟ, ಇದೇ ಸರಿಯಾದ ಕ್ರಮ. ಚರ್ಚಿನ ಅಂಗಳದಲ್ಲೇ ಮರಗಳಿದ್ದರೆ ಪಾರ್ಕಾದರೂ ಯಾಕೆ?

ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಸಣ್ಣ ಮದುವೆ ಅಂದರೆ ಗುಟ್ಟಿನ ಮದುವೆ ಅಲ್ಲ. ವಯಸ್ಸು ಮುಚ್ಚಿಡಲು, ಮೊದಲ ಹೆಂಡತಿಯನ್ನು ಮುಚ್ಚಿಡಲು "ಸರಳವಾಗಿ ಮಾಡೋಣ, ಯಾರಿಗೂ ಹೇಳೋದು ಬೇಡ" ಅನ್ನುವವರೂ ಇರುತ್ತಾರೆ. ಅವಸರ ಮಾಡುವ ಗಂಡಿನ ಕಡೆಯವರ ಊರಿಗೆ ಹೋಗಿ ವಿಚಾರಿಸಿ ಬನ್ನಿ. ಬಾಲ್ಯವಿವಾಹದ ಸುಳಿವು ಸಿಕ್ಕರೆ 1098ಕ್ಕೆ ಫೋನ್ ಮಾಡಿ.

ಇದಕ್ಕಿಂತ ಹೆಚ್ಚು ನಾವು ಹೆದರುವುದು ಇನ್ನೊಂದಕ್ಕೆ. ಮದುವೆ ಸಣ್ಣದು ಅಂತ ನಿಶ್ಚಯವಾದ ಮೇಲೆ ಮೆಲ್ಲಗೆ ಒಂದು ಮಾತು ಬರುತ್ತದೆ. "ಹೇಗೂ ನಿಮಗೆ ಛತ್ರದ ಖರ್ಚು ಉಳೀತಲ್ಲ, ಅದರಲ್ಲಿ ಹುಡುಗನಿಗೆ ಒಂದು ಬೈಕ್ ಕೊಡಿಸಿ." ಕೇಳಲು ನ್ಯಾಯ ಅನ್ನಿಸುತ್ತದೆ. ಅದು ವರದಕ್ಷಿಣೆಯೇ, ಬೇರೆ ಹೆಸರಿಲ್ಲ. 1961ರ ಕಾಯ್ದೆಯಂತೆ ಕೇಳುವುದು, ಕೊಡುವುದು, ತೆಗೆದುಕೊಳ್ಳುವುದು ಮೂರೂ ಅಪರಾಧ. ಉಳಿದ ಹಣ ಮಗಳ ಹೆಸರಿನ ಖಾತೆಯಲ್ಲಿ ಇರಲಿ, ಪಾಸ್‌ಬುಕ್ ಅವಳ ಕೈಯಲ್ಲಿರಲಿ. ಒಪ್ಪಿ ಪ್ರೀತಿಯಿಂದ ಕೊಟ್ಟ ಉಡುಗೊರೆಗಳನ್ನೂ ಪಟ್ಟಿ ಮಾಡಿ ಸಹಿ ಹಾಕಿಡಬೇಕು ಅಂತ 1985ರ ನಿಯಮ ಹೇಳುತ್ತದೆ. ಈ ಪಟ್ಟಿ ಬರೆಯುವವರು ನಮ್ಮಲ್ಲಿ ಬಹಳ ಕಡಿಮೆ. ಸಂಘದಲ್ಲಿ ಐದು ರೂಪಾಯಿ ದಂಡಕ್ಕೂ ಸಹಿ ಹಾಕಿಸಿಕೊಳ್ಳುತ್ತೇವೆ, ಮಗಳ ಎರಡು ಬಳೆಗೆ ಒಂದು ಹಾಳೆ ಬರೆಯಲು ಸಂಕೋಚ ಯಾಕೆ?

ಆ ದಿನದ ತಯಾರಿ

ವಾರದ ನಡುವಿನ ದಿನ ಆರಿಸಿ. ಭಾನುವಾರ, ಹಬ್ಬದ ರಜೆ ಬೇಡ, ಪಾರ್ಕ್ ತುಂಬಿರುತ್ತದೆ. ಬೆಳಿಗ್ಗೆ ಎಂಟರಿಂದ ಹನ್ನೊಂದರ ಒಳಗೆ ಮುಗಿದರೆ ಬಿಸಿಲಿನ ಕಾಟ ಇಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುವುದರಿಂದ ಬೆಳಗಿನ ಮದುವೆಗೆ ಅಷ್ಟು ಭಯವಿಲ್ಲ. ಆಷಾಢದಲ್ಲಿ ಮದುವೆ ಕೂಡದು ಅಂತ ಹಿರಿಯರು ಹೇಳಿದ್ದು ಬಯಲಿನ ಮದುವೆಗಂತೂ ಸರಿಯಾಗಿಯೇ ಇದೆ.

ಒಂದು ವಾರ ಮೊದಲು ಅದೇ ಹೊತ್ತಿಗೆ ಹೋಗಿ ಜಾಗ ನೋಡಬೇಕು. ಸಂಜೆ ನೆರಳಿದ್ದ ಜಾಗದಲ್ಲಿ ಬೆಳಿಗ್ಗೆ ಬಿಸಿಲು ಇರುತ್ತದೆ. ತಲೆ ಎತ್ತಿ ಮರ ನೋಡಿ, ಹೆಜ್ಜೇನು ಕಟ್ಟಿದೆಯಾ ಅಂತ. ಈ ಒಂದು ವಿಷಯವನ್ನು ದಯವಿಟ್ಟು ಮರೆಯಬೇಡಿ. ಹೊಗೆ, ಗಲಾಟೆಗೆ ಹೆಜ್ಜೇನು ಎದ್ದರೆ ಓಡಲು ದಾರಿ ಇರುವುದಿಲ್ಲ, ಮುದುಕರು ಮಕ್ಕಳ ಪ್ರಾಣಕ್ಕೇ ಅಪಾಯ. ಹುಟ್ಟು ಕಂಡರೆ ಜಾಗ ಬದಲಿಸಿ, ಹುಟ್ಟಿಗೆ ಕೈ ಹಚ್ಚಬೇಡಿ. ಶೌಚಾಲಯ ತೆರೆದಿರುತ್ತದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ, ಹೆಣ್ಣಿಗೆ ಸೀರೆ ಬದಲಾಯಿಸಲು ಮರೆಯ ಜಾಗ ಎಲ್ಲಿ, ಇದನ್ನು ಗಂಡಸರು ನೋಡಿ ಬರುವುದಿಲ್ಲ, ನೀವೇ ಹೋಗಿ. ಗೇಟಿನಿಂದ ದೂರವಾದರೆ ಅಜ್ಜಿಯರನ್ನು ನಡೆಸುವುದು ಹೇಗೆ ಅಂತಲೂ ನೋಡಿಕೊಳ್ಳಿ. ಹತ್ತು ಹದಿನೈದು ಕುರ್ಚಿ ಹಿರಿಯರಿಗೆ ಸಾಕು, ಉಳಿದವರಿಗೆ ಜಮಖಾನ.

ಮಂಟಪ ಬೇಕು ಅನ್ನಿಸಿದರೆ ನೆಲ ಅಗೆಯದೆ ಮಾಡಬಹುದು. ನಾಲ್ಕು ದೊಡ್ಡ ಬಕೆಟ್‌ಗಳಿಗೆ ಮರಳು ತುಂಬಿ, ಬಿದಿರು ನಿಲ್ಲಿಸಿ, ಮೇಲೆ ಅಡ್ಡ ಬಿದಿರು ಕಟ್ಟಿ, ಮಾವಿನ ಸೊಪ್ಪು, ಚೆಂಡು ಹೂವು ಇಳಿಬಿಟ್ಟರೆ ಆಯಿತು. ಬಕೆಟ್ ಕಾಣದಂತೆ ಬಾಳೆಯ ಪಟ್ಟೆ ಸುತ್ತಿ. ಪಾರ್ಕಿನ ಹೂವು ಕೀಳುವಂತಿಲ್ಲ ಅಂತ ಮಕ್ಕಳಿಗೆ ಹೇಳಿರಿ. ಮೈಕ್ ಬೇಡವೇ ಬೇಡ. 2000ದ ಶಬ್ದಮಾಲಿನ್ಯ ನಿಯಮದಂತೆ ಧ್ವನಿವರ್ಧಕಕ್ಕೆ ಬೇರೆ ಅನುಮತಿ ಬೇಕು, ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ಒಳಗೆ ನಿಶ್ಶಬ್ದ ವಲಯ. ಅರವತ್ತು ಜನಕ್ಕೆ ಬಾಯಿ ಮಾತೇ ಕೇಳಿಸುತ್ತದೆ. ಸೋಬಾನೆ ಹಾಡುವವರು ನಮ್ಮ ಸಂಘಗಳಲ್ಲೇ ಎಷ್ಟು ಜನ ಇದ್ದೀರಿ! ಛತ್ರದ ಸೌಂಡ್ ಸಿಸ್ಟಮ್ಮಿನಲ್ಲಿ ನಿಮ್ಮ ಹಾಡಿಗೆ ಜಾಗವೇ ಇರಲಿಲ್ಲ.

ಊಟವನ್ನು ಮನೆಯಲ್ಲೇ ಮಾಡಿ ಒಯ್ಯಬೇಕು. ಕೆಲವು ಪಾರ್ಕುಗಳ ಒಳಗೆ ತಿಂಡಿ ಊಟಕ್ಕೆ ಬಿಡುವುದಿಲ್ಲ, ಹಾಗಿದ್ದರೆ ಪಾನಕ ಸಹ ಹೊರಗೇ, ಊಟ ಮನೆಯಲ್ಲಿ. ಬಿಡುವುದಾದರೆ ಸಾಗಿಸಲು ಸುಲಭವಾದ ಅಡುಗೆ ಮಾಡಿ. ಪುಳಿಯೋಗರೆ, ಮೊಸರನ್ನ, ಕೋಸಂಬರಿ, ಪಲ್ಯ, ಹೋಳಿಗೆ, ಉಪ್ಪಿನಕಾಯಿ, ಮಜ್ಜಿಗೆ. ಸಾರು, ಪಾಯಸ ವ್ಯಾನಿನಲ್ಲಿ ಚೆಲ್ಲುತ್ತವೆ. ಮೊಸರನ್ನಕ್ಕೆ ಹಾಲು ಹೆಚ್ಚು, ಮೊಸರು ಕಡಿಮೆ ಹಾಕಿ ಕಲಸಿದರೆ ಊಟದ ಹೊತ್ತಿಗೆ ಹುಳಿಯಾಗುವುದಿಲ್ಲ. ಕೋಸಂಬರಿಗೆ ಉಪ್ಪು ಬಡಿಸುವಾಗಲೇ ಹಾಕಿ, ಇಲ್ಲದಿದ್ದರೆ ನೀರು ಬಿಡುತ್ತದೆ. ಅರವತ್ತು ಜನಕ್ಕೆ ಎರಡು ಬಗೆಯ ಅನ್ನ ಸೇರಿ ಆರು ಏಳು ಕೆ.ಜಿ. ಅಕ್ಕಿ ಸಾಕು. 20 ಲೀಟರಿನ ನೀರಿನ ಕ್ಯಾನು ಕುಡಿಯಲು ಮೂರು, ಕೈ ತೊಳೆಯಲು ಬೇರೆ. ಬಾಳೆಲೆ ಅಥವಾ ಅಡಿಕೆ ಹಾಳೆಯ ತಟ್ಟೆ, ಸ್ಟೀಲ್ ಲೋಟ. ಪ್ಲಾಸ್ಟಿಕ್ ತಟ್ಟೆ, ಲೋಟ, ಊಟದ ಮೇಜಿಗೆ ಹಾಸುವ ಹಾಳೆ, ಫ್ಲೆಕ್ಸ್ ಎಲ್ಲ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ. ಮಂಗಗಳಿರುವ ಪಾರ್ಕಾದರೆ ಹೋಳಿಗೆ ಡಬ್ಬಿಯ ಹತ್ತಿರ ಒಬ್ಬರು ಕೋಲು ಹಿಡಿದು ಕೂತಿರಬೇಕು, ಇದು ತಮಾಷೆಯಲ್ಲ.

ಈ ಅಡುಗೆಯನ್ನು ನಮ್ಮ ಸಂಘದವರೇ ಗುತ್ತಿಗೆ ಹಿಡಿದರೆ ಹೇಗೆ? ಅಡುಗೆಯ ಕೈ ಇರುವವರು ಒಂದು ಸಂಘದಲ್ಲಿ, ಹೂ ಕಟ್ಟುವವರು ಇನ್ನೊಂದರಲ್ಲಿ, ಹಾಳೆ ತಟ್ಟೆ ಮಾಡುವವರು ಮತ್ತೊಂದರಲ್ಲಿ ಇದ್ದೀರಿ. ಆರುನೂರು ಜನರ ಅಡುಗೆ ನಮಗೆ ಆಗುವ ಕೆಲಸ ಅಲ್ಲ, ಅದಕ್ಕೆ ಅಡುಗೆ ಭಟ್ಟರೇ ಬೇಕು. ಅರವತ್ತು ಜನರದು ನಾಲ್ಕು ಹೆಂಗಸರು ಬೆಳಗಿನ ಜಾವ ಎದ್ದರೆ ಮುಗಿಯುವ ಕೆಲಸ. ಆದರೆ "ನಮ್ಮ ಸಂಘದ ಹುಡುಗಿ" ಅಂತ ಪುಕ್ಕಟೆ ಮಾಡಿಸಬೇಡಿ. ಕೂಲಿ ಮೊದಲೇ ಮಾತಾಡಿ, ನಿರ್ಣಯ ಪುಸ್ತಕದಲ್ಲಿ ಬರೆಯಿರಿ.

ಮಳೆ ಬಂದರೆ ಏನು ಮಾಡೋದು ಅಂತ ಹಿಂದಿನ ಸಾಲಿನಿಂದ ಕೇಳ್ತಾ ಇದ್ದೀರಿ. ಹತ್ತಿರದ ಅಂಗನವಾಡಿ ಪಕ್ಕದ ಸಮುದಾಯ ಭವನವೋ, ಒಬ್ಬರ ಮನೆಯ ಜಗಲಿಯೋ ಒಂದನ್ನು ಮೊದಲೇ ಹೇಳಿಟ್ಟಿರಬೇಕು. ಅರವತ್ತು ಜನ ಅಂದರೆ ಯಾವ ಜಗಲಿಯಾದರೂ ಸ್ವಲ್ಪ ಒತ್ತಿಕೊಂಡು ಹಿಡಿಸುತ್ತದೆ. ಎಲ್ಲ ಮುಗಿದ ಮೇಲೆ ನಾಲ್ವರು ಅಲ್ಲೇ ಉಳಿದು, ಎಲೆ, ಹೂವು, ಅಕ್ಷತೆ ಗುಡಿಸಿ ಚೀಲಕ್ಕೆ ತುಂಬಿ ಮನೆಯ ಗೊಬ್ಬರದ ಗುಂಡಿಗೆ ಒಯ್ಯಬೇಕು. ಗುಡಿಸಿದ ಮೇಲೆ ಜಾಗದ ಒಂದು ಫೋಟೋ ತೆಗೆದಿಡಿ, ಠೇವಣಿ ವಾಪಸ್ ಕೇಳುವಾಗ ಬೇಕಾಗುತ್ತದೆ. ಅರ್ಜಿಯ ಮಾದರಿಯನ್ನು ಕನ್ನಡದಲ್ಲಿ ಬರೆದು ತಂದಿದ್ದೇವೆ. ಪ್ರತಿ ಸಂಘದ ಪ್ರತಿನಿಧಿಯವರು ಹೊರಡುವ ಮೊದಲು ಒಂದೊಂದು ಪ್ರತಿ ತೆಗೆದುಕೊಂಡು ಹೋಗಿ.